ಒಂದು ಗುಳಿಗೆ ಸಾಕು: ಹಾರ್ವಿ ಪೆನಿಕ್ ಎಂಬ ಗಾಲ್ಫ್ ಮೇಷ್ಟ್ರು

ಎಲ್ಲರಿಗೂ ನಮಸ್ಕಾರ.

ಮೊದಲೇ ಒಂದು ಮಾತು ಒಪ್ಪಿಕೊಂಡುಬಿಡುತ್ತೇನೆ. ನನಗೆ ಗಾಲ್ಫ್ ಆಡೋಕೆ ಬರೋದಿಲ್ಲ. ಒಮ್ಮೆ ಕಲಿಯಲು ಹೋಗಿದ್ದೆ, ಆ ಕಥೆ ಆಮೇಲೆ. ನನ್ನ ಕೆಲಸ ಮಕ್ಕಳಿಗೆ ಗಣಿತ ಹೇಳಿಕೊಡುವುದು. ಇಂಥವನು ಟೆಕ್ಸಾಸಿನ ಒಬ್ಬ ಗಾಲ್ಫ್ ಮೇಷ್ಟ್ರ ಬಗ್ಗೆ ಯಾಕೆ ಮಾತಾಡಬೇಕು ಅಂತ ನಿಮಗೆ ಅನ್ನಿಸಿದರೆ ತಪ್ಪಿಲ್ಲ. ಹಾರ್ವಿ ಪೆನಿಕ್ ಬಗ್ಗೆ ಓದುತ್ತಾ ಹೋದ ಹಾಗೆ ನನಗೆ ಗಾಲ್ಫ್ ಮರೆತೇ ಹೋಯಿತು. ತಲೆಯಲ್ಲಿ ಉಳಿದದ್ದು ಕಲಿಸುವ ಕೆಲಸ. ಅದರಲ್ಲೂ, ಗೊತ್ತಿರುವುದನ್ನೆಲ್ಲ ಹೇಳಿಬಿಡದೆ ತಡೆದುಕೊಳ್ಳುವುದು ಮೇಷ್ಟ್ರಿಗೆ ಎಷ್ಟು ಕಷ್ಟ ಅನ್ನೋದು.

ಒಂದು ತಮಾಷೆಯ ಪ್ರಸಂಗದಿಂದ ಶುರು ಮಾಡೋಣ. 1990ರ ದಶಕದ ಮೊದಲ ವರ್ಷಗಳು. ಪೆನಿಕ್ ಅವರಿಗೆ ಎಂಬತ್ತೈದು ದಾಟಿದೆ. ಬಹಳ ವರ್ಷಗಳಿಂದ ಒಂದು ಕೆಂಪು ನೋಟ್‌ಬುಕ್ಕಿನಲ್ಲಿ ಪಾಠದ ಟಿಪ್ಪಣಿ ಬರೆದುಕೊಂಡು ಬಂದಿದ್ದಾರೆ. ಅದನ್ನು ಪುಸ್ತಕ ಮಾಡೋಣ ಅಂತ ಬಡ್ ಶ್ರೇಕ್ ಎಂಬ ಆಸ್ಟಿನ್ನಿನ ಬರಹಗಾರ ಓಡಾಡುತ್ತಿದ್ದರು. ಕೊನೆಗೆ ಸೈಮನ್ ಅಂಡ್ ಶುಸ್ಟರ್ ಎಂಬ ದೊಡ್ಡ ಪ್ರಕಾಶನ ಸಂಸ್ಥೆ ಒಪ್ಪಿತು. 90,000 ಡಾಲರ್ ಮುಂಗಡ. ಶ್ರೇಕ್ ಖುಷಿಯಿಂದ ಸುದ್ದಿ ಮುಟ್ಟಿಸಿದರೆ ಈ ಮುದುಕರಿಗೆ ಚಿಂತೆ ಹತ್ತಿಕೊಂಡಿತು. ಆಸ್ಪತ್ರೆಯ ಬಿಲ್ಲುಗಳೇ ಇಷ್ಟೊಂದಿವೆ, ಅಷ್ಟು ದುಡ್ಡು ನಾನು ಎಲ್ಲಿಂದ ಹೊಂದಿಸಲಿ ಅಂದರಂತೆ. ಪುಸ್ತಕ ಅಚ್ಚಾಗಬೇಕಾದರೆ ತಾನೇ ದುಡ್ಡು ಕಟ್ಟಬೇಕು ಅಂದುಕೊಂಡಿದ್ದರು! ಅಲ್ಲ ಸ್ವಾಮಿ, ಅವರೇ ನಿಮಗೆ ಕೊಡೋದು ಅಂತ ಶ್ರೇಕ್ ಬಿಡಿಸಿ ಹೇಳಬೇಕಾಯಿತು.

ಈ ಕಥೆ ಹೇಳಿದಾಗ ಎಲ್ಲರೂ ನಗುತ್ತಾರೆ. ನಾನೂ ನಕ್ಕಿದ್ದೆ. ಆಮೇಲೆ ಇನ್ನೊಂದು ಹೊಳೆಯಿತು. ಎಪ್ಪತ್ತು ವರ್ಷ ದೊಡ್ಡ ದೊಡ್ಡ ಆಟಗಾರರಿಗೆ ಪಾಠ ಹೇಳಿದ ಮನುಷ್ಯ. ತಾನು ಬರೆದದ್ದಕ್ಕೆ ಬೆಲೆ ಇದೆ ಅನ್ನೋ ಯೋಚನೆಯೇ ಅವರಿಗೆ ಬಂದಿರಲಿಲ್ಲ.

ಗಾಲ್ಫ್ ಗೊತ್ತಿಲ್ಲದವರಿಗೆ ಇಲ್ಲೊಂದು ವಿಷಯ ಬಿಡಿಸಿ ಹೇಳಬೇಕು. ಗಾಲ್ಫ್ ಪ್ರೊಫೆಷನಲ್ ಅಂದ ಕೂಡಲೇ ನಮಗೆ ಟಿವಿಯಲ್ಲಿ ಕಾಣುವ ಆಟಗಾರರು ನೆನಪಾಗುತ್ತಾರೆ. ಊರೂರು ತಿರುಗಿ ಟೂರ್ನಿ ಆಡಿ ಬಹುಮಾನದ ಹಣ ಗೆಲ್ಲುವವರು. ಅವರು ಟೂರ್ ಪ್ರೊಗಳು. ಕ್ಲಬ್ ಪ್ರೊ ಅನ್ನೋದು ಬೇರೆಯೇ ಜಾತಿ. ಅವರು ಒಂದು ಕ್ಲಬ್ಬಿನ ನೌಕರರು. ಬೆಳಗ್ಗೆ ಬಂದು ಅಂಗಡಿ ಬಾಗಿಲು ತೆಗೆಯಬೇಕು. ಚೆಂಡು, ಕೈಗವಸು ಮಾರಬೇಕು. ಮುರಿದ ಕೋಲು ರಿಪೇರಿ ಮಾಡಬೇಕು. ಆಟಗಾರರ ಚೀಲ ಹೊರುವ ಕ್ಯಾಡಿ ಹುಡುಗರ ಮೇಲೆ ಕಣ್ಣಿಡಬೇಕು. ಯಾರು ಯಾವ ಹೊತ್ತಿಗೆ ಆಡಬೇಕು ಅಂತ ಹೊಂದಿಸಬೇಕು. ಇದರ ನಡುವೆ ಸದಸ್ಯರಿಗೆ, ಅವರ ಮಕ್ಕಳಿಗೆ ಪಾಠ ಹೇಳಬೇಕು. ಹಳೇ ಕಾಲದ ಕ್ಲಬ್ ಪ್ರೊ ಅಂದರೆ ಅಂಗಡಿಯವರು, ಬಡಗಿ, ಮೇನೇಜರು, ಮೇಷ್ಟ್ರು, ಎಲ್ಲ ಒಬ್ಬರೇ. ಪೆನಿಕ್ ಇಂಥ ಕ್ಲಬ್ ಪ್ರೊ.

ಹುಟ್ಟಿದ್ದು 1904ರ ಅಕ್ಟೋಬರ್ 23, ಟೆಕ್ಸಾಸ್ ರಾಜ್ಯದ ರಾಜಧಾನಿ ಆಸ್ಟಿನ್‌ನಲ್ಲಿ. ಸತ್ತದ್ದೂ ಅಲ್ಲೇ. ಎಂಟು ವರ್ಷದ ಹುಡುಗನಾಗಿದ್ದಾಗ ಆಸ್ಟಿನ್ ಕಂಟ್ರಿ ಕ್ಲಬ್ಬಿಗೆ ಕ್ಯಾಡಿಯಾಗಿ ಸೇರಿದರು. 1923ರಲ್ಲಿ ಅದೇ ಕ್ಲಬ್ಬಿಗೆ ಹೆಡ್ ಪ್ರೊ ಆದರು. ಆಗಿನ್ನೂ ಇಪ್ಪತ್ತು ತುಂಬಿರಲಿಲ್ಲ. 1971ರವರೆಗೆ ಆ ಹುದ್ದೆಯಲ್ಲೇ ಇದ್ದರು. ಆಮೇಲೆ ಮಗ ಟಿನ್ಸ್‌ಲಿ ಆ ಜಾಗಕ್ಕೆ ಬಂದರು. ಅಪ್ಪ ಪಾಠ ಹೇಳೋದು ಮಾತ್ರ ನಿಲ್ಲಿಸಲಿಲ್ಲ. ಕ್ಲಬ್ಬೇ ಎರಡು ಸಲ ಜಾಗ ಬದಲಿಸಿತು. ಇವರು ಕ್ಲಬ್ ಬದಲಿಸಲಿಲ್ಲ. ತಾನು ಇವತ್ತಿಗೂ ಒಬ್ಬ ಕ್ಯಾಡಿ, ಸ್ವಲ್ಪ ದೊಡ್ಡವನಾಗಿದ್ದೇನೆ ಅಷ್ಟೇ ಅನ್ನೋ ಧಾಟಿಯಲ್ಲಿ ಮಾತಾಡುತ್ತಿದ್ದರಂತೆ.

ಆಟಗಾರನಾಗುವ ಆಸೆ ಅವರಿಗೂ ಇತ್ತು. ಒಂದು ಸಲ ಹ್ಯೂಸ್ಟನ್‌ನಲ್ಲಿ ಟೂರ್ನಿ. ಅಲ್ಲಿ ಸ್ಯಾಮ್ ಸ್ನೀಡ್ ಎಂಬ ಯುವಕ ಚೆಂಡು ಹೊಡೆಯುವುದನ್ನು ನೋಡಿದರು. ಸ್ನೀಡ್ ಆಮೇಲೆ ಪಿಜಿಎ ಟೂರಿನಲ್ಲಿ, ಅಂದರೆ ಅಮೆರಿಕದ ವೃತ್ತಿಪರ ಟೂರ್ನಿಗಳ ಸಾಲಿನಲ್ಲಿ, 82 ಗೆಲುವು ಕಂಡ ಆಟಗಾರ. ಕೋಲು ಚೆಂಡಿಗೆ ತಾಗಿದ ಆ ಸದ್ದು, ಚೆಂಡು ಹೋದ ಆ ರೀತಿ ನೋಡಿ ಪೆನಿಕ್‌ಗೆ ತನ್ನ ದಾರಿ ಇದಲ್ಲ ಅನ್ನಿಸಿತು. ಕಲಿಸುವುದೇ ತನ್ನ ಕೆಲಸ ಅಂತ ತೀರ್ಮಾನ ಮಾಡಿದರು. ಇದನ್ನು ಸೋತವರ ಕಥೆ ಅಂತ ಹೇಳುವವರೂ ಇದ್ದಾರೆ. ನಾನು ಒಪ್ಪೋದಿಲ್ಲ. ಇನ್ನೊಬ್ಬರು ಹೊಡೆದ ಒಂದು ಚೆಂಡಿನಲ್ಲಿ ಅಷ್ಟೆಲ್ಲ ಕಾಣುವ ಕಣ್ಣು ಇದೆಯಲ್ಲ, ಮೇಷ್ಟ್ರಿಗೆ ಮೊದಲು ಬೇಕಾದದ್ದು ಅದೇ.

1931ರಿಂದ 1963ರವರೆಗೆ ಟೆಕ್ಸಾಸ್ ವಿಶ್ವವಿದ್ಯಾಲಯದ ಗಾಲ್ಫ್ ತಂಡಕ್ಕೂ ಅವರೇ ಕೋಚ್. ಆ ಮೂವತ್ತಮೂರು ವರ್ಷಗಳಲ್ಲಿ ತಂಡ ಸೌತ್‌ವೆಸ್ಟ್ ಕಾನ್ಫರೆನ್ಸ್ ಎಂಬ ಕಾಲೇಜು ತಂಡಗಳ ಕೂಟದ ಪ್ರಶಸ್ತಿಯನ್ನು 21 ಸಲ ಗೆದ್ದಿತು. ಅಂಕಿ ಅಂಶ ಇಷ್ಟು ಸಾಕು. ನನಗೆ ಹೇಳಬೇಕಾಗಿರುವುದು ಅವರ ಪಾಠದ ರೀತಿ.

ಈಗ ನನ್ನ ಕಥೆ. ಕೆಲವು ವರ್ಷಗಳ ಹಿಂದೆ ಒಬ್ಬ ಸ್ನೇಹಿತರ ಒತ್ತಾಯಕ್ಕೆ ಗಾಲ್ಫ್ ಕಲಿಯಲು ಹೋದೆ. ಕಲಿಸುವವರು ಒಳ್ಳೆಯವರೇ, ತುಂಬಾ ತಿಳಿದವರು. ಒಂದು ಗಂಟೆಯಲ್ಲಿ ಅವರು ಹೇಳಿದ್ದನ್ನು ಕೇಳಿ. ಎಡಗೈ ನೇರ ಇರಲಿ, ಮೊಣಕಾಲು ಸ್ವಲ್ಪ ಬಗ್ಗಲಿ, ತಲೆ ಅಲ್ಲಾಡಬಾರದು, ಸೊಂಟ ತಿರುಗಬೇಕು ಆದರೆ ಜಾಸ್ತಿ ಬೇಡ, ಬಲ ಮೊಣಕೈ ಪಕ್ಕೆಗೆ ಅಂಟಿರಲಿ, ಭಾರ ಎಡಗಾಲಿಗೆ ಬರಲಿ, ಮಣಿಕಟ್ಟು ಬೇಗ ಬಿಚ್ಚಬಾರದು, ಕಣ್ಣು ಚೆಂಡಿನ ಮೇಲಿರಲಿ. ಇಷ್ಟೆಲ್ಲ ಆದ ಮೇಲೆ, ಆರಾಮಾಗಿ ಹೊಡೀರಿ ಅಂದರು! ಗಾಲ್ಫ್ ಸ್ವಿಂಗ್, ಅಂದರೆ ಕೋಲು ಹಿಂದೆತ್ತಿ ಬೀಸಿ ಚೆಂಡಿಗೆ ಹೊಡೆಯುವ ಆ ಇಡೀ ಕ್ರಿಯೆ, ಎರಡು ಸೆಕೆಂಡಿನೊಳಗೆ ಮುಗಿದುಹೋಗುತ್ತದೆ. ಕೋಲಿನ ಮುಖ ಚೆಂಡಿಗೆ ತಾಗಿರುವುದು ಸುಮಾರು ಅರ್ಧ ಮಿಲಿಸೆಕೆಂಡು. ಆ ಹೊತ್ತಿನಲ್ಲಿ ಎಂಟು ಸೂಚನೆ ನೆನಪಿಟ್ಟುಕೊಳ್ಳೋಕೆ ಆಗುತ್ತಾ? ನಾನು ಬೀಸಿದೆ. ಚೆಂಡು ಇದ್ದಲ್ಲೇ ಇತ್ತು. ಹುಲ್ಲು ಹಾರಿತು.

ಮನೆಗೆ ಬರುವಾಗ ನನಗೆ ಅವರ ಮೇಲೆ ಸಿಟ್ಟು ಬರಲಿಲ್ಲ. ನಾಚಿಕೆ ಆಯಿತು. ಭಿನ್ನರಾಶಿ ಹೇಳಿಕೊಡುವಾಗ ಮಕ್ಕಳಿಗೆ ನಾನು ಮಾಡುವುದೂ ಇದನ್ನೇ ಅಲ್ವಾ ಅಂತ.

ಪೆನಿಕ್ ಶಿಷ್ಯರಿಗೆ ಒಂದು ಎಚ್ಚರಿಕೆ ಕೊಡುತ್ತಿದ್ದರು. ನಾನು ಆಸ್ಪಿರಿನ್ ತಗೋ ಅಂದರೆ ಇಡೀ ಬಾಟಲಿ ನುಂಗಬೇಡ. ಎಷ್ಟು ಸರಳ ಮಾತು. ಒಂದು ಸಣ್ಣ ಬದಲಾವಣೆ ಹೇಳಿದರೆ ಕಲಿಯುವವರು ಅದನ್ನು ಹತ್ತು ಪಟ್ಟು ಮಾಡುತ್ತಾರೆ. ಸ್ವಲ್ಪ ನಿಧಾನ ಅಂದರೆ ಆಮೆ ಆಗುತ್ತಾರೆ. ಸ್ವಲ್ಪ ಗಟ್ಟಿ ಹಿಡಿ ಅಂದರೆ ಕೋಲಿನ ಕತ್ತು ಹಿಸುಕುತ್ತಾರೆ. ಅದಕ್ಕೇ ಅವರು ಒಂದು ಪಾಠಕ್ಕೆ ಒಂದೇ ಗುಳಿಗೆ ಕೊಡುತ್ತಿದ್ದರು. ಏನು ಹೇಳಬೇಕು ಅಂತ ತಿಳಿಯದಿದ್ದರೆ ಸುಮ್ನೆ ಇರುತ್ತಿದ್ದರು. ನಾಳೆ ಪಾಠಕ್ಕೆ ಬರುವವರಿಗೆ ಏನನ್ನು ಯಾವ ಮಾತಿನಲ್ಲಿ ಹೇಳಲಿ ಅಂತ ರಾತ್ರಿ ನಿದ್ದೆಗೆಟ್ಟು ಯೋಚಿಸುತ್ತಿದ್ದರಂತೆ. ಬೇಡ, ಮಾಡಬಾರದು ಅನ್ನೋ ಪದಗಳನ್ನು ಆದಷ್ಟು ದೂರ ಇಡುತ್ತಿದ್ದರು. ನೀರಿಗೆ ಹೊಡೆಯಬೇಡ ಅಂದರೆ ಶಿಷ್ಯನ ತಲೆ ತುಂಬ ನೀರೇ ತುಂಬಿಕೊಳ್ಳುತ್ತದೆ ನೋಡಿ. ಆಸ್ಪಿರಿನ್ ಮಾತಿನಲ್ಲಿ ಅವರೇ ಬೇಡ ಅಂದಿದ್ದಾರಲ್ಲ ಅಂತ ಯಾರಾದರೂ ಹಿಡಿಯಬಹುದು. ಹಿಡಿಯಲಿ ಬಿಡಿ, ಮೇಷ್ಟ್ರಿಗೂ ಒಂದು ವಿನಾಯಿತಿ ಇರಲಿ.

ಹಾಗಾದರೆ ಸೊಂಟ, ಮೊಣಕೈ, ಭಾರ ಇದನ್ನೆಲ್ಲ ಹೇಗೆ ಕಲಿಸುತ್ತಿದ್ದರು? ಹೇಳದೆಯೇ ಕಲಿಸುತ್ತಿದ್ದರು. ಕಳೆ ಕೊಯ್ಯುವ ಉದ್ದ ಹಿಡಿಯ ಸಾಧನ ಒಂದಿದೆ. ನಿಂತುಕೊಂಡೇ ಬೀಸಿ ಹುಲ್ಲು ಕತ್ತರಿಸುವಂಥದ್ದು. ಅದನ್ನು ಶಿಷ್ಯರ ಕೈಗೆ ಕೊಟ್ಟು ಬೀಸು ಅನ್ನುತ್ತಿದ್ದರು. ಕಳೆ ಕೊಯ್ಯುವವರಿಗೆ ಯಾರೂ ಸೊಂಟ ತಿರುಗಿಸು ಅಂತ ಹೇಳಿಕೊಡೋದಿಲ್ಲ. ತಾನಾಗಿ ತಿರುಗುತ್ತದೆ, ತಾನಾಗಿ ಭಾರ ಒಂದು ಕಾಲಿನಿಂದ ಇನ್ನೊಂದಕ್ಕೆ ಹೋಗುತ್ತದೆ. ಇನ್ನು ಕೆಲವರಿಗೆ ನೀರು ತುಂಬಿದ ಬಕೆಟ್ ಹಿಡಿದು ತೂಗಿದ ಹಾಗೆ ಅಂದುಕೋ ಅನ್ನುತ್ತಿದ್ದರು. ಗಬಕ್ಕನೆ ಎಳೆದರೆ ನೀರು ಚೆಲ್ಲುತ್ತದೆ. ಲಯದಲ್ಲಿ ತೂಗಿದರೆ ಒಂದು ಹನಿಯೂ ಬೀಳೋದಿಲ್ಲ. ಚೆಂಡು ಕಂಡರೆ ಗಾಬರಿಯಾಗುವವರಿಗೆ ಚೆಂಡೇ ಇಡುತ್ತಿರಲಿಲ್ಲ. ಟೀ ಅಂದರೆ ಚೆಂಡು ಇಡುವ ಸಣ್ಣ ಗೂಟ. ಬರೀ ಟೀ ನೆಟ್ಟು, ಅದನ್ನು ಕತ್ತರಿಸಿದ ಹಾಗೆ ಬೀಸು ಅನ್ನುತ್ತಿದ್ದರು. ಹತ್ತು ಸಲ ಟೀ ಕತ್ತರಿಸಿದ ಕೈಗೆ ಹನ್ನೊಂದನೇ ಸಲ ಅದರ ಮೇಲೆ ಚೆಂಡು ಇದ್ದರೂ ವ್ಯತ್ಯಾಸ ತಿಳಿಯೋದಿಲ್ಲ.

ಒಂದು ವಿಷಯದಲ್ಲಿ ಮಾತ್ರ ಅವರು ಹಟ ಬಿಡುತ್ತಿರಲಿಲ್ಲ. ಅದು ಗ್ರಿಪ್. ಕೋಲನ್ನು ಕೈ ಹಿಡಿಯುವ ರೀತಿ. ಕೆಟ್ಟ ಗ್ರಿಪ್ ಇರುವವನಿಗೆ ಒಳ್ಳೆ ಸ್ವಿಂಗ್ ಬೇಡವೇ ಬೇಡ ಅಂತ ಅವರ ಮಾತು. ಮೊದಲ ಸಲ ಓದಿದಾಗ ನನಗೆ ತಲೆಬುಡ ತಿಳಿಯಲಿಲ್ಲ. ಆಮೇಲೆ ಅರ್ಥ ಆಯಿತು. ಹಿಡಿತ ತಪ್ಪಿದ್ದರೆ ಕೋಲಿನ ಮುಖ ಓರೆಯಾಗಿ ಬರುತ್ತದೆ. ಆ ಓರೆಯನ್ನು ಸರಿಮಾಡಲು ಮೈ ತಾನಾಗಿ ಇನ್ನೊಂದು ತಪ್ಪು ಕಲಿತಿರುತ್ತದೆ. ಎರಡು ತಪ್ಪು ಸೇರಿ ಹೇಗೋ ಚೆಂಡು ನೇರ ಹೋಗುತ್ತಿರುತ್ತದೆ. ಅಂಥವನ ಸ್ವಿಂಗ್ ಮಾತ್ರ ತಿದ್ದಿದರೆ ಇದ್ದ ಆಟವೂ ಹೋಯಿತು! ಗಣಿತದಲ್ಲೂ ಇದೇ. ಎರಡು ಕಡೆ ತಪ್ಪು ಮಾಡಿ ಸರಿ ಉತ್ತರ ತರುವ ಹುಡುಗರಿದ್ದಾರೆ. ಒಂದು ತಪ್ಪು ತಿದ್ದಿ ಕಳಿಸಿದರೆ ಮಾರನೇ ದಿನ ಬಂದು, ನೀವು ಹೇಳಿದ ಮೇಲೇ ಹಾಳಾಗಿದ್ದು ಸಾರ್ ಅನ್ನುತ್ತಾರೆ.

ಈ ಹಟದ ರುಚಿ ಕಂಡವರು ಕ್ಯಾಥಿ ವಿಟ್‌ವರ್ತ್. ನ್ಯೂ ಮೆಕ್ಸಿಕೋದ ಜಾಲ್ ಎಂಬ ಸಣ್ಣ ಊರಿನ ಹುಡುಗಿ. ಅವಳ ಊರಿನ ಮೇಷ್ಟ್ರು ಹಾರ್ಡಿ ಲೌಡರ್‌ಮಿಲ್ಕ್. ನನಗೆ ತಿಳಿದದ್ದನ್ನು ಕಲಿಸಿಯಾಯಿತು, ಇನ್ನು ಮುಂದಕ್ಕೆ ಪೆನಿಕ್ ಹತ್ತಿರ ಹೋಗು ಅಂತ ಅವರೇ ಕಳಿಸಿದರು. ಈ ಲೌಡರ್‌ಮಿಲ್ಕ್ ಅವರಿಗೂ ಒಂದು ನಮಸ್ಕಾರ ಸಲ್ಲಬೇಕು. ಒಳ್ಳೆ ಶಿಷ್ಯೆಯನ್ನು ಇನ್ನೊಬ್ಬರಿಗೆ ಒಪ್ಪಿಸುವ ಮೇಷ್ಟ್ರು ಎಲ್ಲ ಕಡೆ ಸಿಗೋದಿಲ್ಲ. ತಾಯಿ ಮಗಳು ಕಾರಿನಲ್ಲಿ ನೂರಾರು ಮೈಲಿ ದಾಟಿ ಆಸ್ಟಿನ್‌ಗೆ ಬಂದರು. ಪೆನಿಕ್ ಮೊದಲು ಹಿಡಿದದ್ದೇ ಗ್ರಿಪ್ಪನ್ನು. ಅದನ್ನು ಬದಲಿಸುವವರೆಗೆ ಬೇರೆ ಮಾತಿಲ್ಲ. ಅಷ್ಟು ದೂರದಿಂದ ಬಂದು ಕೈ ಹಿಡಿಯುವುದನ್ನೇ ಕಲಿಯುತ್ತಾ ಕೂರಬೇಕು ಅಂದರೆ ಆ ವಯಸ್ಸಿಗೆ ಹೇಗಿರಬೇಡ! ಆ ಹುಡುಗಿ ಕೂತಳು. ಮುಂದೆ ಎಲ್‌ಪಿಜಿಎ ಟೂರಿನಲ್ಲಿ, ಅಂದರೆ ಹೆಂಗಸರ ವೃತ್ತಿಪರ ಟೂರ್ನಿಗಳ ಸಾಲಿನಲ್ಲಿ, 88 ಟೂರ್ನಿ ಗೆದ್ದರು. ಅಷ್ಟು ಗೆದ್ದ ಹೆಂಗಸರು ಬೇರೆ ಯಾರೂ ಇಲ್ಲ.

ಮಿಕಿ ರೈಟ್, ಬೆಟ್ಸಿ ರಾಲ್ಸ್, ಬೆಟಿ ಜೇಮ್ಸನ್, ಸ್ಯಾಂಡ್ರಾ ಪಾಮರ್ ಕೂಡ ಅವರ ಹತ್ತಿರ ಪಾಠ ಹೇಳಿಸಿಕೊಂಡವರೇ. ಹೆಂಗಸರ ಆಟಕ್ಕೆ ಯಾರೂ ಅಷ್ಟಾಗಿ ಬೆಲೆ ಕೊಡದ ಕಾಲದಲ್ಲಿ ಒಬ್ಬರೇ ಮೇಷ್ಟ್ರ ಹತ್ತಿರ ಇಷ್ಟು ಜನ. ಪೆನಿಕ್ ಬಗ್ಗೆ ಬರೆಯುವವರು ಇದನ್ನು ಒಂದು ಸಾಲಿನಲ್ಲಿ ಮುಗಿಸಿ ಇಬ್ಬರು ಹುಡುಗರ ಕಥೆಗೆ ಓಡುತ್ತಾರೆ. ನನಗೆ ಅದು ಸರಿ ಕಾಣೋದಿಲ್ಲ. ಆದರೆ ನಾನೂ ಈಗ ಅಲ್ಲಿಗೇ ಹೋಗಬೇಕು. ಏನು ಮಾಡೋದು, ಕಥೆ ಹಾಗಿದೆ.

ಆ ಇಬ್ಬರು ಹುಡುಗರು ಟಾಮ್ ಕೈಟ್ ಮತ್ತು ಬೆನ್ ಕ್ರೆನ್‌ಶಾ. ಕೈಟ್ ಹುಟ್ಟಿದ್ದು 1949ರಲ್ಲಿ, ಕ್ರೆನ್‌ಶಾ 1952ರಲ್ಲಿ. ಒಂದೇ ಊರು, ಒಂದೇ ಕ್ಲಬ್, ಒಬ್ಬರೇ ಮೇಷ್ಟ್ರು. 1972ರಲ್ಲಿ ಇಬ್ಬರೂ ಟೆಕ್ಸಾಸ್ ವಿಶ್ವವಿದ್ಯಾಲಯದಲ್ಲಿದ್ದಾಗ ರಾಷ್ಟ್ರೀಯ ಕಾಲೇಜು ಚಾಂಪಿಯನ್ ಪಟ್ಟವನ್ನು ಹಂಚಿಕೊಂಡರು. ಸ್ವಭಾವ ಮಾತ್ರ ಒಬ್ಬರದು ಪೂರ್ವ, ಇನ್ನೊಬ್ಬರದು ಪಶ್ಚಿಮ. ಕೈಟ್ ಕಷ್ಟಜೀವಿ. ಬೆಳಗಿನಿಂದ ಕತ್ತಲಾಗುವವರೆಗೆ ಅಭ್ಯಾಸ ಮಾಡುವ ಹುಡುಗ. ಕ್ರೆನ್‌ಶಾಗೆ ಹುಟ್ಟಾ ಕೈಗುಣ.

ಕ್ರೆನ್‌ಶಾ ಚಿಕ್ಕವನಿದ್ದಾಗಿನ ಒಂದು ಪ್ರಸಂಗವನ್ನು ಪೆನಿಕ್ ಸಂತೋಷದಿಂದ ಹೇಳುತ್ತಿದ್ದರು. ಸೆವೆನ್ ಐರನ್ ಕೋಲನ್ನು ಪುಟ್ಟ ಕೈಗೆ ಸರಿಯಾಗುವಂತೆ ಮೊಟಕು ಮಾಡಿ ಕೊಟ್ಟಿದ್ದರು. ಅಗೋ ಅಲ್ಲಿ ಕಾಣುವ ಗ್ರೀನ್ ಮೇಲೆ ಚೆಂಡು ಬೀಳಿಸು ಅಂದರು. ಗ್ರೀನ್ ಅಂದರೆ ಕುಳಿಯ ಸುತ್ತ ನುಣ್ಣಗೆ ಕತ್ತರಿಸಿದ ಹುಲ್ಲಿನ ಜಾಗ. ಹುಡುಗ ಹೊಡೆದ. ಚೆಂಡು ಗ್ರೀನ್ ಮೇಲೆ ಬಿತ್ತು. ನಡಿ, ಈಗ ಅದನ್ನು ಕುಳಿಗೆ ಹಾಕೋಣ ಅಂದರು ಮೇಷ್ಟ್ರು. ಹುಡುಗ ಕೇಳಿದ, ಕುಳಿಗೇ ಹಾಕಬೇಕು ಅಂತಿದ್ದರೆ ಮೊದಲೇ ಯಾಕೆ ಹೇಳಲಿಲ್ಲ?

ಇಂಥವನಿಗೆ ಏನು ಕಲಿಸೋದು! ಪೆನಿಕ್ ಅದನ್ನು ಅರ್ಥ ಮಾಡಿಕೊಂಡಿದ್ದರು. ಕ್ರೆನ್‌ಶಾಗೆ ಜಾಸ್ತಿ ಅಭ್ಯಾಸ ಬೇಡ, ಆಡು ಅನ್ನುತ್ತಿದ್ದರು. ಎಷ್ಟು ಕಡಿಮೆ ಮುಟ್ಟಿದರೆ ಅಷ್ಟು ಒಳ್ಳೆಯದು ಅಂತ. ಕೈಟ್‌ಗೆ ಅಭ್ಯಾಸವೇ ಆಹಾರ, ಅವನಿಗೆ ಅದನ್ನೇ ಬಡಿಸುತ್ತಿದ್ದರು. ಮುಖ್ಯ ವಿಷಯ ಏನೆಂದರೆ, ಒಬ್ಬನ ಪಾಠವನ್ನು ಇನ್ನೊಬ್ಬ ನೋಡಲು ಬಿಡುತ್ತಿರಲಿಲ್ಲ. ಒಬ್ಬನಿಗೆ ಕೊಟ್ಟ ಔಷಧಿ ಇನ್ನೊಬ್ಬನಿಗೆ ವಿಷ ಆಗಬಹುದು. ಗುಂಪಿಗೆ ಪಾಠ ಅನ್ನೋದು ಅವರಿಗೆ ಒಗ್ಗುತ್ತಲೇ ಇರಲಿಲ್ಲ. ನಲವತ್ತು ಮಕ್ಕಳ ತರಗತಿ ನಡೆಸುವ ನನ್ನಂಥವನಿಗೆ ಈ ಮಾತು ಕೇಳಿದರೆ ಒಂದು ಕಡೆ ಹೊಟ್ಟೆಕಿಚ್ಚು, ಇನ್ನೊಂದು ಕಡೆ ಸಂಕಟ.

ಇನ್ನು ಆ ಕೆಂಪು ನೋಟ್‌ಬುಕ್. ಚಿಕ್ಕ ವಯಸ್ಸಿನಿಂದಲೇ ಬರೆಯಲು ಶುರು ಮಾಡಿದ್ದರು. ಯಾರಿಗೆ ಏನು ಹೇಳಿದೆ, ಯಾವ ಮಾತು ಕೆಲಸ ಮಾಡಿತು, ಇಂಥವೇ. ಪೆಟ್ಟಿಗೆಯೊಳಗೆ ಬೀಗ ಹಾಕಿಡುತ್ತಿದ್ದರು. ನೋಡಿದ್ದು ಮಗ ಟಿನ್ಸ್‌ಲಿ ಒಬ್ಬರೇ. ಮುಂದೆ ತಾನು ಹೋದ ಮೇಲೆ ಮಗನಿಗೆ ಇರಲಿ ಅಂತ ಮನಸ್ಸಿನಲ್ಲಿತ್ತು. ಹೆಚ್ಚು ಹೇಳಬಾರದು ಅನ್ನೋ ಮನುಷ್ಯ ಬರೆದದ್ದನ್ನೂ ಬಚ್ಚಿಟ್ಟಿದ್ದರು ನೋಡಿ. ಒಂದು ದಿನ ಕ್ಲಬ್ಬಿನ ಮರಗಳ ನೆರಳಿನಲ್ಲಿ ಗಾಲ್ಫ್ ಗಾಡಿಯಲ್ಲಿ ಕೂತಿದ್ದರು. ಆ ಹೊತ್ತಿಗೆ ನಡೆಯುವುದೇ ಕಷ್ಟ, ಜೊತೆಗೆ ನರ್ಸ್ ಇರಬೇಕಾಗಿತ್ತು. ಬಡ್ ಶ್ರೇಕ್‌ರನ್ನು ಕರೆದು ನೋಟ್‌ಬುಕ್ ಕೈಗಿಟ್ಟರು. ಇದನ್ನು ಎಲ್ಲರಿಗೂ ಕೊಡೋ ಕಾಲ ಬಂತು ಅನ್ನಿಸುತ್ತೆ, ಸಹಾಯ ಮಾಡ್ತೀರಾ ಅಂತ ಕೇಳಿದರು.

ಪುಸ್ತಕ 1992ರಲ್ಲಿ ಬಂತು. ಹೆಸರೂ ಚಿಕ್ಕ ಕೆಂಪು ಪುಸ್ತಕ ಅಂತಲೇ. ಹತ್ತು ಲಕ್ಷಕ್ಕಿಂತ ಜಾಸ್ತಿ ಪ್ರತಿ ಖರ್ಚಾಯಿತು. ಅದರಲ್ಲಿ ರೇಖಾಚಿತ್ರ, ಕೋನ, ಅಳತೆ ಹುಡುಕಿದರೆ ನಿರಾಸೆ ಆಗುತ್ತದೆ. ಒಂದೊಂದು ಅಧ್ಯಾಯ ಅರ್ಧ ಪುಟ, ಒಂದು ಪುಟ. ಕೆಲವು ಬರೀ ನಾಲ್ಕು ಸಾಲು. ಪಟ್ ಮಾಡುವುದರ ಬಗ್ಗೆ, ಅಂದರೆ ಗ್ರೀನ್ ಮೇಲೆ ಚೆಂಡನ್ನು ಮೆಲ್ಲಗೆ ಉರುಳಿಸಿ ಕುಳಿಗೆ ಹಾಕುವುದರ ಬಗ್ಗೆ, ಒಂದು ಸಲಹೆ ಇದೆ. ಚೆನ್ನಾಗಿ ಪಟ್ ಮಾಡುವವರ ಜೊತೆ ಊಟಕ್ಕೆ ಹೋಗಿ. ಅಷ್ಟೇ! ಕೈ ಹೇಗಿಡಬೇಕು, ಕಣ್ಣು ಎಲ್ಲಿರಬೇಕು, ಏನೂ ಇಲ್ಲ. ನಾನು ಮೊದಲು ತಮಾಷೆ ಅಂದುಕೊಂಡೆ. ಪಟ್ ತಪ್ಪಿದ ಕಥೆಗಳನ್ನೇ ರಾತ್ರಿ ಊಟದ ಹೊತ್ತಲ್ಲಿ ಕೇಳುತ್ತಾ ಕೂತವನು ಬೆಳಗ್ಗೆ ಯಾವ ಧೈರ್ಯದಲ್ಲಿ ಪಟ್ ಮಾಡಿಯಾನು?

ಅವರ ಹೆಸರಿನ ಜೊತೆ ಅಂಟಿಕೊಂಡಿರುವ ಇನ್ನೊಂದು ಮಾತು, ಗುರಿಯ ಮೇಲೇ ಮನಸ್ಸಿಡು ಅನ್ನೋದು. ಕೋಲು ಎತ್ತಿದ ಮೇಲೆ ಚೆಂಡು ಹೋಗಬೇಕಾದ ಜಾಗ ಬಿಟ್ಟು ಬೇರೆ ಏನೂ ತಲೆಯಲ್ಲಿ ಇರಬಾರದು. ಸೊಂಟ, ಮೊಣಕೈ ಎಲ್ಲ ಅಭ್ಯಾಸದ ಜಾಗದಲ್ಲೇ ಬಿಟ್ಟು ಬಾ ಅಂತ.

ಅದೇ 1992ರಲ್ಲಿ ಟಾಮ್ ಕೈಟ್ ಪೆಬಲ್ ಬೀಚ್‌ನಲ್ಲಿ ಯುಎಸ್ ಓಪನ್ ಎಂಬ ದೊಡ್ಡ ಟೂರ್ನಿ ಗೆದ್ದರು. ಕೊನೆಯ ದಿನ ಭಯಂಕರ ಗಾಳಿ, ಒಳ್ಳೊಳ್ಳೆ ಆಟಗಾರರ ಲೆಕ್ಕವೆಲ್ಲ ಕೆಟ್ಟುಹೋಗಿತ್ತು. ಅವರಿಗಾಗ 42 ವರ್ಷ. ದೊಡ್ಡ ಟೂರ್ನಿ ಇವರಿಗೆ ಒಲಿಯೋದಿಲ್ಲ ಅಂತ ಎಲ್ಲರೂ ಷರಾ ಬರೆದಾಗಿತ್ತು. ಕಪ್ಪನ್ನು ಆಸ್ಟಿನ್‌ಗೆ ತಂದು ಮೇಷ್ಟ್ರ ಕೈಗಿಟ್ಟರು.

ಈಗ 1995ಕ್ಕೆ ಬರೋಣ. ಈ ಭಾಗವನ್ನು ನಾನು ಎಷ್ಟು ಸಲ ಹೇಳಿದರೂ ಗಂಟಲು ಒಂದು ಕಡೆ ಹಿಡಿಯುತ್ತದೆ.

ಮಾರ್ಚ್ ತಿಂಗಳು. ಪೆನಿಕ್ ಹಾಸಿಗೆ ಹಿಡಿದಿದ್ದಾರೆ. 90 ವರ್ಷ. ಕ್ರೆನ್‌ಶಾ ನೋಡಲು ಬಂದರು. ಅವರ ಆಟ ಆಗ ಕುಂಟುತ್ತಿತ್ತು. ಇಡೀ ಜಗತ್ತಿನಲ್ಲಿ ಪಟ್ ಮಾಡೋದರಲ್ಲಿ ಹೆಸರಾದ ಆಟಗಾರ, ಪಟ್ ಕೈಕೊಡುತ್ತಿದೆ ಅಂತ ಹೇಳಿಕೊಂಡರು. ಮುದುಕರು ಮಲಗಿದಲ್ಲಿಂದಲೇ ಒಂದು ಹಳೇ ಪಟ್ಟರ್, ಅಂದರೆ ಪಟ್ ಮಾಡುವ ಕೋಲು, ತರಿಸಿದರು. ಎಲ್ಲಿ, ಮಾಡಿ ತೋರಿಸು ಅಂದರು. ಕೋಣೆಯ ನೆಲದ ಮೇಲೇ ಪಾಠ. ಎರಡು ಸಲ ಚೆನ್ನಾಗಿ ಅಭ್ಯಾಸಕ್ಕೆ ಬೀಸು, ನಿನ್ನನ್ನು ನೀನು ನಂಬು, ಕೋಲಿನ ತಲೆ ಕೈಗಿಂತ ಮುಂದೆ ಹೋಗದಿರಲಿ. ಅಷ್ಟೇ ಹೇಳಿದ್ದು. 43 ವರ್ಷದ ಶಿಷ್ಯನಿಗೆ, ಚಿಕ್ಕಂದಿನಿಂದ ನೋಡಿದ ಹುಡುಗನಿಗೆ, ಕೊನೆಯ ಗುಳಿಗೆ.

ಏಪ್ರಿಲ್ 2, ಭಾನುವಾರ. ಆ ದಿನ ನ್ಯೂ ಆರ್ಲಿಯನ್ಸ್‌ನಲ್ಲಿ ಡೇವಿಸ್ ಲವ್ ಎಂಬ ಯುವ ಆಟಗಾರ ಒಂದು ಟೂರ್ನಿ ಗೆದ್ದರು. ಈ ಹುಡುಗನ ತಂದೆ, ಅವರ ಹೆಸರೂ ಡೇವಿಸ್ ಲವ್, ಕಾಲೇಜಿನಲ್ಲಿ ಪೆನಿಕ್ ತಂಡದಲ್ಲಿ ಆಡಿದವರು. ಮುಂದೆ ತಾವೂ ಹೆಸರಾಂತ ಮೇಷ್ಟ್ರಾದರು. 1988ರಲ್ಲಿ ವಿಮಾನ ಅಪಘಾತದಲ್ಲಿ ತೀರಿಕೊಂಡಿದ್ದರು. ಹೀಗಾಗಿ ಈ ಹುಡುಗ ಪೆನಿಕ್‌ಗೆ ಮೊಮ್ಮಗ ಶಿಷ್ಯ ಅನ್ನಬಹುದು. ಮಾಸ್ಟರ್ಸ್ ಅಂದರೆ ಗಾಲ್ಫಿನ ಅತಿ ದೊಡ್ಡ ಟೂರ್ನಿಗಳಲ್ಲಿ ಒಂದು. ಅದಕ್ಕೆ ಅವನಿಗಿನ್ನೂ ಆಹ್ವಾನ ಸಿಕ್ಕಿರಲಿಲ್ಲ. ಈ ಗೆಲುವಿನಿಂದ ಕೊನೇ ಗಳಿಗೆಯಲ್ಲಿ ಸಿಕ್ಕಿತು. ಸುದ್ದಿ ತಿಳಿಸಿದಾಗ ಪೆನಿಕ್ ಮಲಗಿದಲ್ಲೇ ಕೈ ತಟ್ಟಿದರಂತೆ. ಸ್ವಲ್ಪ ಹೊತ್ತಿಗೆ ಉಸಿರು ನಿಂತಿತು.

ಆ ವಾರವೇ ಜಾರ್ಜಿಯಾದ ಅಗಸ್ಟಾದಲ್ಲಿ ಮಾಸ್ಟರ್ಸ್. ಬುಧವಾರ ಎಲ್ಲರೂ ಕೊನೆಯ ಅಭ್ಯಾಸದಲ್ಲಿದ್ದರೆ ಕೈಟ್ ಮತ್ತು ಕ್ರೆನ್‌ಶಾ ವಿಮಾನ ಹತ್ತಿ ಆಸ್ಟಿನ್‌ಗೆ ಹೋದರು. ಮೇಷ್ಟ್ರ ಶವಪೆಟ್ಟಿಗೆಗೆ ಹೆಗಲು ಕೊಟ್ಟರು. ಅಗಸ್ಟಾಕ್ಕೆ ವಾಪಸ್ ಬಂದರು. ಗುರುವಾರ ಬೆಳಗ್ಗೆ ಆಟ ಶುರು.

ಕ್ರೆನ್‌ಶಾರಿಂದ ಯಾರೂ ಏನೂ ನಿರೀಕ್ಷಿಸಿರಲಿಲ್ಲ. ಅಲ್ಲಿ ಅವರ ಕ್ಯಾಡಿ ಕಾರ್ಲ್ ಜಾಕ್ಸನ್. ಆ ವಾರದ ಮೊದಲಲ್ಲೇ ಜಾಕ್ಸನ್ ಒಂದು ಸಣ್ಣ ಮಾತು ಹೇಳಿದ್ದರು. ಚೆಂಡನ್ನು ನಿಲುವಿನಲ್ಲಿ ತುಸು ಹಿಂದಕ್ಕಿಡಿ, ಭುಜ ಸ್ವಲ್ಪ ಬಿಗಿಯಾಗಿ ತಿರುಗಲಿ ಅಂತ. ಇದೂ ಒಂದೇ ಗುಳಿಗೆ ನೋಡಿ. ಗಾಲ್ಫಿನಲ್ಲಿ ಕಡಿಮೆ ಹೊಡೆತದಲ್ಲಿ ಮುಗಿಸಿದವರೇ ಗೆಲ್ಲೋದು. ಕ್ರೆನ್‌ಶಾ ಅವರ ನಾಲ್ಕು ದಿನದ ಹೊಡೆತಗಳ ಲೆಕ್ಕ 70, 67, 69, 68. ಅಗಸ್ಟಾದ ಗ್ರೀನ್‌ಗಳು ಗಾಜಿನ ಹಾಗೆ ಜಾರುತ್ತವೆ. ಅಂಥಲ್ಲಿ 72 ಕುಳಿ ಆಡಿ ಒಂದು ಕಡೆಯೂ ಮೂರು ಪಟ್ ತೆಗೆದುಕೊಳ್ಳಲಿಲ್ಲ. ಭಾನುವಾರ ಹದಿನೆಂಟನೇ ಕುಳಿಯಲ್ಲಿ ಕೊನೆಯ ಚಿಕ್ಕ ಪಟ್ ಒಳಗೆ ಹೋಯಿತು, ಮಾಸ್ಟರ್ಸ್ ಗೆದ್ದಾಯಿತು. ಕ್ರೆನ್‌ಶಾ ನಿಂತಲ್ಲೇ ಸೊಂಟದಿಂದ ಬಾಗಿ ಮುಖ ಮುಚ್ಚಿಕೊಂಡು ಅತ್ತುಬಿಟ್ಟರು. ಎತ್ತಿ ಹಿಡಿದುಕೊಂಡದ್ದು ಜಾಕ್ಸನ್. ಆ ಫೋಟೋ ನಿಮ್ಮಲ್ಲಿ ಕೆಲವರಾದರೂ ನೋಡಿರುತ್ತೀರಿ. ಗಾಲ್ಫ್ ನಿಯಮದ ಪ್ರಕಾರ ಚೀಲದಲ್ಲಿ 14ಕ್ಕಿಂತ ಜಾಸ್ತಿ ಕೋಲು ಇರಬಾರದು. ಈ ವಾರ ನನ್ನ ಚೀಲದಲ್ಲಿ ಹದಿನೈದನೆಯದೊಂದು ಇತ್ತು, ಅದು ಹಾರ್ವಿ ಅಂದರು ಕ್ರೆನ್‌ಶಾ.

ಒಂದೇ ಒಂದು ಹೊಡೆತದ ಅಂತರದಲ್ಲಿ ಎರಡನೆಯವರಾಗಿ ಬಂದದ್ದು ಯಾರು ಗೊತ್ತಾ? ಡೇವಿಸ್ ಲವ್.

ಇಲ್ಲಿಗೆ ನನ್ನ ಮಾತು ನಿಲ್ಲಿಸಿದೆ. ಆಮೇಲೆ ಪ್ರಶ್ನೆಗಳು ಬಂದವು. ಅವುಗಳಲ್ಲಿ ಎರಡನ್ನು ಇಲ್ಲಿ ಸೇರಿಸುತ್ತಿದ್ದೇನೆ.

ಒಬ್ಬ ಹಿರಿಯರು ಎದ್ದು, ನೀವು ಹೇಳಿದ್ದೆಲ್ಲ ಚಾಂಪಿಯನ್‌ಗಳ ಕಥೆ, ಸಾಧಾರಣ ಆಟದವರ ಪಾಡೇನು ಅಂತ ಕೇಳಿದರು. ಸರಿಯಾದ ಪ್ರಶ್ನೆ. ಅವರ ದಿನದ ಹೆಚ್ಚಿನ ಹೊತ್ತು ಅಂಥವರ ಜೊತೆಗೇ ಕಳೆಯುತ್ತಿತ್ತು, ಕ್ಲಬ್ ಪ್ರೊ ಕೆಲಸವೇ ಅದು ಅಂದೆ. ಈಗಷ್ಟೇ ಕೋಲು ಹಿಡಿದವರು ಮೊದಲ ಸಲ ಚೆಂಡನ್ನು ಗಾಳಿಗೆ ಎತ್ತಿದಾಗಲೂ ಪೆನಿಕ್‌ಗೆ ಮೈ ನವಿರೇಳುತ್ತಿತ್ತಂತೆ.

ಇನ್ನೊಬ್ಬರು ನೇರವಾಗಿ ದುಡ್ಡಿಗೇ ಬಂದರು. ಫೀಸು ಎಷ್ಟು ತಗೋತಿದ್ರು ಸಾರ್? ಅದಕ್ಕೆ ಬೆಟ್ಸಿ ರಾಲ್ಸ್ ಕಥೆ ಹೇಳಿದೆ. ಹದಿನೇಳನೇ ವಯಸ್ಸಿಗೆ ಗಾಲ್ಫ್ ಕಲಿಯಲು ಶುರು ಮಾಡಿ, ವಿಶ್ವವಿದ್ಯಾಲಯದಲ್ಲಿ ಭೌತಶಾಸ್ತ್ರ ಓದಿದ ಹುಡುಗಿ. ಆಮೇಲೆ ಎಲ್‌ಪಿಜಿಎ ಟೂರಿನಲ್ಲಿ 55 ಗೆಲುವು, ಅದರಲ್ಲಿ ಯುಎಸ್ ವಿಮೆನ್ಸ್ ಓಪನ್ನೇ ನಾಲ್ಕು ಸಲ. ಮೊದಲ ಪಾಠಕ್ಕೆ ಪೆನಿಕ್ ಕೆಲವೇ ಡಾಲರ್ ತೆಗೆದುಕೊಂಡರು. ಆಮೇಲೆ ಎಷ್ಟೋ ವರ್ಷ ಪಾಠ ನಡೆಯಿತು, ಮತ್ತೆ ಒಂದು ಕಾಸೂ ತೆಗೆದುಕೊಳ್ಳಲಿಲ್ಲ.

"ಹಾಗಿದ್ರೆ ತೊಂಬತ್ತು ಸಾವಿರ ಡಾಲರ್ ಅಂದಾಗ ಹೆದರಿಕೊಂಡಿದ್ದು ಸರಿಯಾಗೇ ಇದೆ ಬಿಡಿ" ಅಂತ ಹಿಂದಿನ ಸಾಲಿನಿಂದ ಯಾರೋ ಅಂದರು. ಎಲ್ಲರೂ ನಕ್ಕು, ಕುರ್ಚಿ ಎತ್ತಿಡಲು ಎದ್ದೆವು.